ಹೂಂ ಅಂದವರಿಗೆ ದಂಡ

ಆಪರೇಷನ್ ಮುಗಿಸಿಕೊಂಡು ಕೊಟ್ಟೂರಿಗೆ ವಾಪಸ್ಸು ಬಂದ ಮೇಲೆ ನನಗೆ ಮೊದಲು ಸಿಟ್ಟು ಬಂದದ್ದು ಕಾಯಿಲೆಯ ಮೇಲಲ್ಲ, ಟಿ.ವಿ.ಯ ರಿಮೋಟಿನ ಮೇಲೆ. ಎಡಗಡೆಯ ಎದೆ ತೆಗೆದಿದ್ದರು. ಕೀಮೋ ಇನ್ನೂ ಶುರುವಾಗಿರಲಿಲ್ಲ. ಸಂಜೆ ನಾನು ನಡುಮನೆಗೆ ಬಂದು ಕೂತರೆ ಸಾಕು, ಅಲ್ಲಿಯವರೆಗೆ ವಾರ್ತೆ ನೋಡುತ್ತಿದ್ದ ನಮ್ಮನೆಯವರು ಗಡಿಬಿಡಿಯಿಂದ ಬಟನ್ ಒತ್ತಿ ಭಜನೆಯ ಚಾನೆಲ್ಲಿಗೆ ಹೋಗಿಬಿಡುತ್ತಿದ್ದರು.

"ಟೆನ್ಷನ್ ಮಾಡ್ಕಬ್ಯಾಡ ನೀನು. ಡಾಕ್ಟ್ರು ಹೇಳ್ಯಾರ."

ಯಾವ ಡಾಕ್ಟರೂ ಹಾಗೆ ಹೇಳಿರಲಿಲ್ಲ. ಡಾಕ್ಟರು ಕೈ ಎತ್ತುವ ವ್ಯಾಯಾಮ ಹೇಳಿದ್ದರು, ನೀರು ಜಾಸ್ತಿ ಕುಡಿಯಿರಿ ಎಂದಿದ್ದರು. ಸರ್ಕಾರದ ಬಗ್ಗೆ ಯೋಚಿಸಬೇಡಿ ಎಂದು ಹೇಳಿದ್ದು ನನಗಂತೂ ನೆನಪಿಲ್ಲ.

ನಾನು ಬ್ಲೌಸ್ ಹೊಲಿಯುವವಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೆಷಿನ್ನು ತುಳಿಯುತ್ತ ಬಂದವರ ಜೊತೆ ರಾಜಕೀಯ ಮಾತಾಡುವುದು ನನಗೆ ಮೊದಲಿನಿಂದಲೂ ಅಭ್ಯಾಸ. ನಾನೊಂದು ಪಾರ್ಟಿ, ಬಂದವರು ಇನ್ನೊಂದು ಪಾರ್ಟಿ, ತೋಳಿನ ಅಳತೆ ತೆಗೆಯುತ್ತಲೇ ಜಗಳ. ಆದರೆ ಕಾಯಿಲೆಯ ಸುದ್ದಿ ಊರಿಗೆ ಗೊತ್ತಾದ ಮೇಲೆ ಜಗಳಕ್ಕೆ ಯಾರೂ ಸಿಗದಂತಾದರು. ಏನು ಹೇಳಿದರೂ "ಹೌದಕ್ಕ, ಖರೇನ" ಅನ್ನುತ್ತಿದ್ದರು. ಕೀಮೋ ಶುರುವಾದ ಮೇಲೆ ಒಂದು ದಿನ ಪರೀಕ್ಷೆ ಮಾಡಿಯೇ ಬಿಡೋಣ ಎಂದು, ಬದ್ಧ ವಿರೋಧಿಯಾಗಿದ್ದ ಎದುರು ಮನೆಯವಳಿಗೆ, "ಬೆಂಗಳೂರು ತೆಗೆದು ಕೊಟ್ಟೂರನ್ನ ರಾಜಧಾನಿ ಮಾಡ್ಬೇಕು ನೋಡು" ಎಂದೆ. ಅವಳು ನನ್ನ ತಲೆಯ ಸ್ಕಾರ್ಫಿನ ಕಡೆ ಒಮ್ಮೆ ನೋಡಿ, "ಹೌದಕ್ಕ, ಮಾಡಿದ್ರ ಚಲೋ ಆಕ್ಕೈತಿ" ಎಂದಳು. ಅವಳು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಕೂದಲು ಉದುರಿದಾಗಲೂ ಅಷ್ಟು ಅತ್ತಿರಲಿಲ್ಲ. ಇನ್ನೂ ಬದುಕಿರುವವಳ ಮಾತಿಗೆ ಜನ ಎದುರು ಮಾತಾಡುತ್ತಾರೆ, ನನ್ನ ಮಾತಿಗೆ ಯಾರೂ ಆಡುತ್ತಿರಲಿಲ್ಲ.

ಹಡಗಲಿ ಅಕ್ಕ ಸಿಕ್ಕಿದ್ದು ಅದೇ ದಿನಗಳಲ್ಲಿ, ದಾವಣಗೆರೆಯ ಆಸ್ಪತ್ರೆಯ ಕೀಮೋ ವಾರ್ಡಿನಲ್ಲಿ. ಅರವತ್ತು ದಾಟಿದ ಹೆಂಗಸು, ಹಡಗಲಿಯ ಊರಂಚಿನಲ್ಲಿ ಮಲ್ಲಿಗೆ ತೋಟ ಇಟ್ಟುಕೊಂಡವಳು. ಅವಳದೂ ಒಂದು ಎದೆ ತೆಗೆದಿದ್ದರು. ಪಕ್ಕದ ಮಂಚದಲ್ಲಿ ಕೂತು, ಒಂದು ಕೈಗೆ ಬಾಟಲಿ ಹಚ್ಚಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ತನ್ನ ಪಾರ್ಟಿಯ ನಾಯಕನ ಭಾಷಣವನ್ನು ಇಡೀ ವಾರ್ಡಿಗೆ ಕೇಳಿಸುತ್ತಿದ್ದಳು.

"ಅದನ್ನ ಬಂದ್ ಮಾಡ್ರಿ" ಎಂದೆ. "ಆತನ ದನಿ ಕೇಳಿದ್ರ ವಾಂತಿ ಬರ್ತೈತಿ ನನಗ."

"ವಾಂತಿ ಬರೋದು ಔಷಧಕ್ಕ" ಎಂದಳು, ನನ್ನ ಕಡೆ ತಿರುಗದೆ. "ನಮ್ಮ ಲೀಡರ್ ಮ್ಯಾಲೆ ಹಾಕಬ್ಯಾಡ."

ಅಲ್ಲಿಂದ ಹತ್ತಿಕೊಂಡಿತು. ಅವಳ ನಾಯಕ ಏನು ಮಾಡಿದ, ನನ್ನ ನಾಯಕ ಏನು ನುಂಗಿದ, ತುಂಗಭದ್ರೆಯ ನೀರು ಯಾರಿಂದ ಬಂತು, ಯಾರಿಂದ ನಿಂತಿತು. ನರ್ಸಮ್ಮ ಎರಡು ಸಲ ಬಂದು ಗದರಿಸಿ ಹೋದಳು. ಜಗಳದ ಭರದಲ್ಲಿ ಬಾಟಲಿ ಖಾಲಿಯಾದದ್ದು ನಮಗೆ ಗೊತ್ತಾಗಲಿಲ್ಲ. ಎದುರಿನ ಕುರ್ಚಿಯಲ್ಲಿದ್ದ ಒಬ್ಬ ಗಂಡಸು ಬಹಳ ಹೊತ್ತು ನಮ್ಮನ್ನೇ ನೋಡುತ್ತಿದ್ದ. ಕೊನೆಗೆ ಕುತ್ತಿಗೆಯ ತೂತಿನ ಮೇಲೆ ಬೆರಳಿಟ್ಟು, ಗರಗರ ದನಿಯಲ್ಲಿ, "ಇಬ್ರದೂ ಸುಳ್ಳು" ಎಂದ.

ಅವನು ಹರಪನಹಳ್ಳಿ ಹತ್ತಿರದ ಬಾಗಳಿಯವನು. ಎಪಿಎಂಸಿಯಲ್ಲಿ ಹರಾಜು ಕೂಗುತ್ತಿದ್ದವನಂತೆ. ಗಂಟಲಿಗೇ ಕಾಯಿಲೆ ಬಂದು ಧ್ವನಿಪೆಟ್ಟಿಗೆ ತೆಗೆದಿದ್ದರು. ತೂತು ಮುಚ್ಚಿಕೊಂಡರೆ ಒಂದೆರಡು ಮಾತು ಹೊರಡುತ್ತಿತ್ತು. ನಮ್ಮ ಎರಡೂ ಪಾರ್ಟಿಗಳನ್ನು ಅವನು ಲೆಕ್ಕಕ್ಕಿಟ್ಟಿರಲಿಲ್ಲ. ಅವನ ಸಿಟ್ಟು ಜಿಲ್ಲೆಯದು. ಹರಪನಹಳ್ಳಿಯನ್ನು ಬಳ್ಳಾರಿಯಿಂದ ದಾವಣಗೆರೆಗೆ ಹಾಕಿ, ಮತ್ತೆ ಬಳ್ಳಾರಿಗೆ ತಂದು, ಆಮೇಲೆ ವಿಜಯನಗರಕ್ಕೆ ಸೇರಿಸಿದ್ದು ಯಾರನ್ನು ಕೇಳಿ ಅನ್ನುವುದು ಅವನ ಪ್ರಶ್ನೆ. ಅದನ್ನು ಕೇಳಿ ಮುಗಿಸಲು ಅವನಿಗೆ ಪಾಪ, ಐದಾರು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ಆದರೂ ಬಿಡುತ್ತಿರಲಿಲ್ಲ.

ಮುಂದಿನ ಸಲದಿಂದ ಮೂವರೂ ಕೀಮೋಗೆ ಒಂದೇ ದಿನದ ತಾರೀಖು ಹಾಕಿಸಿಕೊಂಡೆವು. ನಾನು ಕೊಟ್ಟೂರಿನಿಂದ, ಅಕ್ಕ ಹಡಗಲಿಯಿಂದ, ಅಣ್ಣ ಬಾಗಳಿಯಿಂದ ಬಂದು ಹರಪನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಕೂಡುವುದು, ಅಲ್ಲಿಂದ ದಾವಣಗೆರೆ ಬಸ್ಸು. ಮೈಗೆ ಆಗದವರಿಗೆ ಕಿಟಕಿ ಪಕ್ಕದ ಸೀಟು. ವಾಂತಿ ಬಂದವರಿಗೆ ಮೂಸಲು ಲಿಂಬೆಹಣ್ಣಿನ ಹೋಳು ನನ್ನ ಚೀಲದಲ್ಲಿ, ತೆಳ್ಳನೆಯ ಗಂಜಿ ಅಕ್ಕನ ಡಬ್ಬಿಯಲ್ಲಿ. ಹೆಂಗಸರಿಗೆ ಬಸ್ಸು ಫ್ರೀ ಮಾಡಿದ್ದು ನಮ್ಮ ಪಾರ್ಟಿ ಎಂದು ನಾನು ಬೀಗಿದರೆ, ಅಕ್ಕ ಅದೇ ಬಸ್ಸಿನಲ್ಲಿ ಫ್ರೀಯಾಗಿ ಕೂತು ಬೈಯುತ್ತಿದ್ದಳು.

"ಯಾರ್ ಕೇಳಿದ್ರು ಪುಕ್ಕಟೆ? ರೊಕ್ಕ ಕೊಟ್ಟಿದ್ರ ಕುಂದ್ರಾಕ ಸೀಟಾದ್ರೂ ಸಿಗ್ತಿತ್ತು."

"ನನಗ ಟಿಕೀಟು" ಎಂದು ಅಣ್ಣ ತನ್ನ ಚೀಟಿ ಎತ್ತಿ ತೋರಿಸುತ್ತಿದ್ದ.

ದಂಡದ ಪದ್ಧತಿ ಶುರುವಾದದ್ದು ಇದೇ ಬಸ್ಸಿನಲ್ಲಿ. ಒಂದು ಸಲ ಅಕ್ಕ ತೀರಾ ಸೋತು ಹೋಗಿದ್ದಳು. ಬಾಯಿ ತುಂಬ ಹುಣ್ಣು, ನೀರು ಕೂಡ ಇಳಿಯುತ್ತಿರಲಿಲ್ಲ. ಕಿಟಕಿಗೆ ತಲೆ ಆನಿಸಿಕೊಂಡು, ಹೊಸ ಜಿಲ್ಲೆ ಮಾಡಿದ್ದೇ ಸರಿ ಎಂದು ಏನೋ ಗೊಣಗಿದಳು. ಅಣ್ಣ ಅವಳ ಮುಖ ನೋಡಿ ಕುತ್ತಿಗೆಗೆ ಬೆರಳಿಟ್ಟು, "ಖರೆ" ಎಂದ. ಅಕ್ಕ ಕಣ್ಣು ಬಿಟ್ಟಳು.

"ಪಾಪ ಅಂತ ಹೂಂ ಅಂದಿ, ಹೌದಲ್ಲೋ ತಮ್ಮಾ? ನಾಚಿಕಿ ಬರಲ್ಲೇನು? ದಂಡ ಕಟ್ಟು. ಇಳಿದ ಕೂಡ್ಲೆ ಎಲ್ಲಾರಿಗೂ ಚಾ."

ಅವತ್ತಿನಿಂದ ಅದೇ ಕಾನೂನು. ಮನಸ್ಸಿನಿಂದ ಒಪ್ಪಿದರೆ ಸರಿ. ಕನಿಕರಕ್ಕೆ ಒಪ್ಪಿದರೆ ಚಹಾ ದಂಡ. ಯಾರು ಯಾವಾಗ ಕನಿಕರ ಪಟ್ಟರು ಅನ್ನುವುದು ನಮಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಕಾಯಿಲೆ ಬಂದಾಗಿನಿಂದ ಎಲ್ಲೆಲ್ಲೂ ಆ ಕನಿಕರದ ಮುಖವನ್ನೇ ನೋಡಿದವರು ನಾವು.

ಆಮೇಲೆ ವಾಟ್ಸಾಪಿನಲ್ಲಿ ಒಂದು ಗುಂಪೂ ಆಯಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ತಂಬ್ರಹಳ್ಳಿ ಕಡೆಯವರೂ ಬಂದು ಸೇರಿಕೊಂಡರು. ಎಲ್ಲರೂ ಕಾಯಿಲೆ ದಾಟಿದವರು, ಇಲ್ಲವೇ ದಾಟುತ್ತಿರುವವರು. ಗುಡ್ ಮಾರ್ನಿಂಗಿನ ಹೂವು, ದೇವರ ಫೋಟೋ, ಧೈರ್ಯ ತಂದುಕೊಳ್ಳಿ ಅನ್ನುವ ಉಪದೇಶ ಯಾವುದೂ ಹಾಕುವ ಹಾಗಿಲ್ಲ. ಯಾವ ಔಷಧಕ್ಕೆ ಯಾವ ಊಟ ಸೇರುತ್ತದೆ, ಸ್ಕ್ಯಾನಿಂಗಿಗೆ ಯಾರ ಜೊತೆ ಯಾರು ಹೋಗುತ್ತಾರೆ, ಮತ್ತು ರಾಜಕೀಯ. ಬಾಯಲ್ಲಿ ಒಂದೆರಡೇ ಮಾತಾಡುವ ಬಾಗಳಿ ಅಣ್ಣ ಅಲ್ಲಿ ಪುಟಗಟ್ಟಲೆ ಬರೆಯುತ್ತಿದ್ದ. ಓದು ಬಾರದ ಅಕ್ಕ ಧ್ವನಿ ಕಳಿಸುತ್ತಿದ್ದಳು. ಅಕ್ಕನ ಬೈಗುಳ ಕೇಳಿಸಿಕೊಂಡೇ ಬೆಳಗಿನ ಚಹಾ ಕುಡಿಯುತ್ತಿದ್ದೆವು.

ಅವಳ ಒಂದು ಧ್ವನಿ ಸಂದೇಶವನ್ನು ನಾನು ಈಗಲೂ ಅಳಿಸಿಲ್ಲ. ಎದೆ ತೆಗೆದವರಿಗೆ ಬ್ಲೌಸಿನೊಳಗೆ ಇಟ್ಟುಕೊಳ್ಳಲು ನಾನು ಬಟ್ಟೆಯ ಮೆತ್ತೆ ಹೊಲಿದುಕೊಡುತ್ತೇನೆ. ಬರೀ ಹತ್ತಿ ತುಂಬಿದರೆ ಹಗುರ, ಒಂದು ಕಡೆ ಬ್ಲೌಸು ಮೇಲಕ್ಕೆ ಏರುತ್ತದೆ. ಒಂದು ತೂಕ ಬೇಕು ಎಂದು ಹತ್ತಿಯ ನಡುವೆ ಮನೆಯಲ್ಲಿದ್ದ ಸಜ್ಜೆ ತುಂಬಿದೆ. ನನಗೆ ಬಹಳ ಚೆನ್ನಾಗಿ ಕೂತಿತು. ಅದೇ ಹುರುಪಿನಲ್ಲಿ ಅಕ್ಕನಿಗೂ ಒಂದು ಕಳಿಸಿದೆ. ಅವಳ ಕೆಲಸ ನನಗೆ ನೆನಪಾಗಲಿಲ್ಲ. ನಸುಕಿನಲ್ಲಿ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಆ ಗಂಟನ್ನು ಎದೆಗೆ ಅವಚಿಕೊಂಡು ಸಂತೆಗೆ ಹೋಗುವವಳು ಅವಳು. ಮೈಯ ಶಾಖ, ಮಲ್ಲಿಗೆಯ ತೇವ, ಒಳಗೆ ಸಜ್ಜೆ.

"ಲೇ ತಂಗಿ, ನಿಮ್ಮ ಪಾರ್ಟಿ ಕೊಟ್ಟ ಭರವಸಿ ಒಂದೂ ಮೊಳಕಿ ಒಡೀಲಿಲ್ಲ. ನೀ ಕೊಟ್ಟ ಎದಿ ಮೊಳಕಿ ಒಡದೈತಿ, ಬಂದು ನೋಡು!"

ಇಡೀ ಗುಂಪು ನಕ್ಕಿತು. ಐದು ತಾಲೂಕಿನ ಕ್ಯಾನ್ಸರಿನವರು ಅವತ್ತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣನಿಗೆ ನಗು ಬಂದರೆ ಕುತ್ತಿಗೆಯಿಂದ ಗಾಳಿ ಹೊರಡುತ್ತದೆ, ಅದನ್ನೂ ರೆಕಾರ್ಡು ಮಾಡಿ ಕಳಿಸಿದ. ಆಮೇಲಿಂದ ನಾನು ಸಜ್ಜೆಯನ್ನು ಹುರಿದೇ ತುಂಬುತ್ತೇನೆ.

ಈ ಬೇಸಿಗೆಯಲ್ಲಿ ಅಕ್ಕನ ಧ್ವನಿ ನಿಂತಿತು. ಮೊದಲು ಹೂವಿನ ಸುಗ್ಗಿ ಇರಬೇಕು ಎಂದುಕೊಂಡೆವು. ನಾನು ಅವಳ ಪಾರ್ಟಿಯ ಬಗ್ಗೆ ಬೇಕೆಂದೇ ಒಂದು ಕೆಟ್ಟ ಮಾತು ಹಾಕಿದೆ. ಅದಕ್ಕೂ ಉತ್ತರ ಬರಲಿಲ್ಲ. ಹೆದರಿಕೆಯಾಗಿ ಫೋನು ಮಾಡಿದರೆ ಮಗ ಎತ್ತಿದ.

"ಅವ್ವಗ ಗಂಟು ಮತ್ತ ಬಂದೈತ್ರಿ, ಕಂಕುಳಾಗ. ಔಷಧ ಐತಿ, ಲಗೂನ ಶುರು ಮಾಡ್ಬೇಕು, ಆದ್ರ ಗ್ಯಾರಂಟಿ ಹೇಳಾಕ ಬರಂಗಿಲ್ಲ ಅಂದ್ರು ಡಾಕ್ಟ್ರು. ಮನ್ಯಾಗ ಎಲ್ಲಾರೂ ಕುಂತು ಮಾತಾಡಿದ್ವಿ. ವಯಸ್ಸಾಗೈತಿ, ಮತ್ತ ಆ ಸೂಜಿ, ಆ ವಾಂತಿ ಬ್ಯಾಡ್ರಿ. ಇರೋಷ್ಟು ದಿನ ಆರಾಮಿರ್ಲಿ."

ಅವನು ಕೆಟ್ಟವನಲ್ಲ. ದುಡ್ಡಿನ ಮಾತೂ ಅಲ್ಲ, ಖರ್ಚು ಸರ್ಕಾರದ ಆರೋಗ್ಯ ಕಾರ್ಡಿನಲ್ಲೇ ಹೋಗುತ್ತಿತ್ತು. ತಾಯಿ ವಾಂತಿ ಮಾಡಿದ್ದನ್ನು ಬಳಿದವನು, ರಾತ್ರಿಯೆಲ್ಲ ಕಾಲು ಒತ್ತಿದವನು. ಅದನ್ನು ಇನ್ನೊಮ್ಮೆ ನೋಡುವ ಧೈರ್ಯ ಅವನಿಗಿರಲಿಲ್ಲ. "ಅವ್ವ ಏನಂದಳು?" ಎಂದು ಕೇಳಿದೆ. "ಅಕಿ ಏನೂ ಅನ್ನಲಿಲ್ರಿ" ಎಂದ. ಅಕ್ಕ ಏನೂ ಅನ್ನಲಿಲ್ಲ ಎಂದರೆ ನಂಬುವುದು ಹೇಗೆ?

ನಾನು, ಬಾಗಳಿ ಅಣ್ಣ ಇಬ್ಬರೂ ಹಡಗಲಿಗೆ ಹೋದೆವು. ಚುನಾವಣೆ ಹತ್ತಿರ ಬಂದಿತ್ತು, ದಾರಿಯುದ್ದಕ್ಕೂ ಮೈಕು ಕಟ್ಟಿದ ಗಾಡಿಗಳು. ಅಕ್ಕ ಗೋಡೆಗೆ ಒರಗಿ ಕೂತು ಹೂವು ಕಟ್ಟುತ್ತಿದ್ದಳು. ಸೊರಗಿ ಇಳಿದು ಹೋಗಿದ್ದಳು. ಸೊಸೆ ಚಹಾ ತಂದಳು. ಅಕ್ಕ ಒಂದು ಗುಟುಕು ಕುಡಿದು "ಸಪ್ಪಗೈತಿ" ಎಂದಳು. ಹಿಂದೆ ಈ ಅತ್ತೆ ಸೊಸೆ ಇಂಥ ಮಾತಿಗೆ ಅರ್ಧ ದಿನ ಕಿತ್ತಾಡುತ್ತಿದ್ದರು. ಸೊಸೆ ಈಗ, "ಹೌದತ್ತಿ, ಬ್ಯಾರೆ ಮಾಡ್ತೀನಿ" ಎಂದು ಲೋಟ ಎತ್ತಿಕೊಂಡು ಹೋದಳು. ಅಕ್ಕ ನನ್ನ ಮುಖ ನೋಡಿದಳು.

"ನೋಡಿದ್ಯಾ? ಏನಂದ್ರೂ ಹೂಂ. ನಿನ್ನೆ ಓಟು ಕೇಳಾಕ ನಮ್ಮ ಪಾರ್ಟಿಯವ್ರ ಬಂದಿದ್ರು. ಬಾಗಲಾಗ ನಿಂತು ನನ್ನ ಮಗ, ಅವ್ವಗ ಆರಾಮಿಲ್ಲ ಅಂದ. ಹಂಗ ಮುಂದಿನ ಮನಿಗಿ ಹೋಗಿಬಿಟ್ರು. ಇಷ್ಟು ವರ್ಷ ದುಡದೀನಿ ಆ ಪಾರ್ಟಿಗೆ. ಒಳಗ ಬಂದು ಮಾರಿ ಸೈತ ನೋಡ್ಲಿಲ್ಲ."

ದಾರಿಯಲ್ಲಿ ಬರುವಾಗ ಅವಳಿಗೆ ಹೇಗೆ ಬೈಯಬೇಕು, ಹೇಗೆ ಎಬ್ಬಿಸಬೇಕು ಎಂದು ನಾನು ಮಾತು ಜೋಡಿಸಿಕೊಂಡಿದ್ದೆ. ದಾರದ ಮೇಲೆ ಓಡುತ್ತಿದ್ದ ಆ ಬೆರಳುಗಳನ್ನು ನೋಡಿದ ಮೇಲೆ ಒಂದೂ ನೆನಪಿಗೆ ಬರಲಿಲ್ಲ. ಅವಳ ಕೈ ಹಿಡಿದುಕೊಂಡೆ.

"ಆಸ್ಪತ್ರಿಗೆ ಬಾ ಅಕ್ಕಾ. ನೀ ಹೇಳೋದ ಖರೆ ಐತಿ. ಈ ಸಲ ನಾನೂ ನಿಮ್ಮ ಪಾರ್ಟಿಗೇ ಓಟು ಹಾಕ್ತೀನಿ."

ಅಕ್ಕ ಕೈ ಬಿಡಿಸಿಕೊಂಡಳು. ಪಕ್ಕದಲ್ಲಿ ಬಾಗಳಿ ಅಣ್ಣ ತಲೆ ತಗ್ಗಿಸಿದ. ನಾನೇನು ಮಾಡಿಬಿಟ್ಟೆ ಅನ್ನುವುದು ನನಗೆ ಆಗ ಹೊಳೆಯಿತು.

"ಇವ್ರೆಲ್ಲಾ ಹೂಂ ಅಂತಾರ, ಇವ್ರಿಗೆ ತಿಳಿಯಂಗಿಲ್ಲ, ಬಿಡು" ಎಂದಳು ಅಕ್ಕ. ಕೂಗಲಿಲ್ಲ, ಕೂಗಿದ್ದರೆ ವಾಸಿಯಿತ್ತು. "ನಿನಗ ತಿಳಿತಿತ್ತು. ನೀನೂ ನನಗ ಮಣ್ಣು ಹಾಕಾಕ ಬಂದ್ಯಾ? ಎದ್ದೇಳು. ತಮ್ಮಾ, ಕರ್ಕಂಡು ಹೋಗು ಈಕಿನ್ನ."

ಹೊರಗೆ ಬಂದೆವು. ಬಸ್ಸಿನಲ್ಲಿ ನಾನು ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ಕೂತಿದ್ದೆ. ಅಣ್ಣ ಕುತ್ತಿಗೆಗೆ ಬೆರಳಿಟ್ಟ.

"ಕಳಿಸು" ಎಂದ. "ಬೈದು ಕಳಿಸು."

ಹರಪನಹಳ್ಳಿ ಬಸ್ ಸ್ಟ್ಯಾಂಡಿನ ಗದ್ದಲದಲ್ಲಿ ನಿಂತು, ಮೂಗು ಒರೆಸಿಕೊಂಡು, ಅಕ್ಕನಿಗೆ ಧ್ವನಿ ಕಳಿಸಿದೆ. "ಅಕ್ಕಾ, ಸುಳ್ಳು ಹೇಳಿದೆ ನಾನು. ನಿಮ್ಮ ಪಾರ್ಟಿಗೆ ಹಾಕಾಕ ನನಗೇನು ಹುಚ್ಚು ಹಿಡದಿಲ್ಲ. ನಿಮ್ಮ ಲೀಡರ್ ಈ ಕಡೆ ಒಂದು ಕಡ್ಡಿ ಎತ್ತಿಟ್ಟಿಲ್ಲ. ನಿಮ್ಮ ಮನಿ ಬಾಗಲ್ದಾಗಿಂದ ಹಿಂದಕ್ಕ ಹೋದ್ರಲ್ಲ, ಅಂಥ ಪಾರ್ಟಿ ನಿಮ್ಮದು. ಇಲ್ಲ ಅನ್ನೋ ತಾಕತ್ತಿದ್ರ ಮಂಗಳವಾರ ಹರಪನಹಳ್ಳಿ ಬಸ್ ಸ್ಟ್ಯಾಂಡಿಗೆ ಬಂದು ನನ್ನ ಮಾರಿ ಮುಂದ ಹೇಳು." ಅಣ್ಣ ತಲೆಯಾಡಿಸಿದ. ನಾನು ಅಳುತ್ತಲೇ ಕೊಟ್ಟೂರಿನ ಬಸ್ಸು ಹತ್ತಿದೆ.

ಉತ್ತರ ಬರಲಿಲ್ಲ. ಅವಳು ಕೇಳಿದ್ದಾಳೆ ಅನ್ನುವುದು ಮಾತ್ರ ಫೋನಿನಲ್ಲಿ ಗೊತ್ತಾಗುತ್ತಿತ್ತು. ಮಂಗಳವಾರದವರೆಗೆ ನಾನು ಹೊಲಿದ ಬ್ಲೌಸುಗಳೆಲ್ಲ ಬಿಚ್ಚಿ ಹೊಲಿಯುವ ಹಾಗಾದವು.

ಮಂಗಳವಾರ ನಮ್ಮಿಬ್ಬರದು ತಪಾಸಣೆ ಇತ್ತು. ಹಡಗಲಿಯ ಮೊದಲ ಬಸ್ಸು ಬಂತು, ಅಕ್ಕ ಇರಲಿಲ್ಲ. ದಾವಣಗೆರೆ ಬಸ್ಸು ಹೊರಟಿತು, ನಾವು ಹತ್ತಲಿಲ್ಲ. ಇನ್ನೊಂದು ಹಡಗಲಿ ಬಸ್ಸು ಬಂದು ನಿಂತಾಗ ಮೊದಲು ಇಳಿದದ್ದು ಒಂದು ಡಬ್ಬಿ ಹಿಡಿದ ಮಗ. ಅವನ ಹಿಂದೆ ಕಂಬಿ ಹಿಡಿದುಕೊಂಡು, ಮೆಟ್ಟಿಲಿಗೊಂದು ಉಸಿರು ಬಿಡುತ್ತ ಅಕ್ಕ ಇಳಿದಳು. ನೆಟ್ಟಗೆ ನನ್ನ ಹತ್ತಿರ ಬಂದಳು.

"ಕಡ್ಡಿ ಎತ್ತಿಟ್ಟಿಲ್ಲ ಅಂದಿ. ನಿಮ್ಮಾತ ಏನು ಗುಡ್ಡ ಎತ್ತಿಟ್ಟಾನ? ಹೇಳು ಮೊದ್ಲು."

ನನಗೆ ಅವಳನ್ನು ತಬ್ಬಿಕೊಳ್ಳಬೇಕು ಅನಿಸಿತು. ತಬ್ಬಿಕೊಳ್ಳಲಿಲ್ಲ, ನಮ್ಮವರು ಮಾಡಿದ ಕೆಲಸಗಳನ್ನು ಹೇಳಲು ಶುರು ಮಾಡಿದೆ. ದಾವಣಗೆರೆ ತಲುಪುವವರೆಗೆ ಅವಳು ಒಂದೊಂದನ್ನೂ ಕಿತ್ತು ಎಸೆದಳು. ಕಂಡಕ್ಟರು, "ಯಕ್ಕಾ, ಒಂಚೂರು ಮೆಲ್ಲಕ" ಎಂದಾಗ ಅವನಿಗೂ ಬಿತ್ತು. ಮಗ ಹಿಂದಿನ ಸೀಟಿನಲ್ಲಿ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ತಾಯಿಯ ಬೆನ್ನನ್ನೇ ನೋಡುತ್ತ ಕೂತಿದ್ದ.

ಡಾಕ್ಟರು ಎಲ್ಲವನ್ನೂ ಮತ್ತೊಮ್ಮೆ ಬಿಡಿಸಿ ಹೇಳಿದರು. ಔಷಧ ಇದೆ, ಕಷ್ಟ ಆಗುತ್ತದೆ, ಗಂಟು ಕರಗಬಹುದು, ಕರಗದೆಯೂ ಇರಬಹುದು. ಮಗ ಕೈ ಮುಗಿದುಕೊಂಡೇ, "ಮನ್ಯಾಗ ಎಲ್ಲಾರೂ ಕುಂತು ಬ್ಯಾಡ ಅಂತ ತೀರ್ಮಾನ ಮಾಡಿದ್ವಿ ಸಾರ್" ಎಂದ. ಡಾಕ್ಟರು ಅಕ್ಕನ ಕಡೆ ತಿರುಗಿದರು.

"ಎಲ್ಲಾರೂ ಅಂದ್ರ ಯಾರ್ಯಾರು?" ಎಂದಳು ಅಕ್ಕ ಮಗನಿಗೆ. "ನೀನು ಓಟು ಹಾಕಿದಿ, ನಿನ್ನ ಹೆಂಡ್ತಿ ಹಾಕಿದ್ಲು, ನಿಮ್ಮ ಮಾವ ಬಂದು ಹಾಕಿ ಹೋದ. ನಾ ಅಡಗಿ ಮನ್ಯಾಗ ಕುಂತು ಕೇಳಿಸ್ಕಂಡೆ. ನನ್ನ ಮೈ, ನನ್ನ ಜೀವ, ನಂದೊಂದು ಓಟು ಕೇಳ್ಲಿಲ್ಲ ನೀವು. ಸಾರ್, ಈಗ ಹಾಕ್ತೀನಿ ಬರ್ಕಳ್ರಿ. ಔಷಧ ಶುರು ಮಾಡ್ರಿ. ಉಳಿದ್ರ ಉಳೀತೀನಿ. ಉಳೀಲಿಲ್ಲ ಅಂದ್ರ ಜಗಳಾಡ್ಕೋಂತ ಹೋಗ್ತೀನಿ, ಎಲ್ಲಾರ ಕಡೆ ಹೂಂ ಅನಿಸ್ಕೋಂತ ಹೋಗಂಗಿಲ್ಲ."

ಮಗನ ಕಣ್ಣಲ್ಲಿ ನೀರು ಬಂತು. "ನನಗ ಅಂಜಿಕಿ ಆಗೈತಿ ಅವ್ವಾ" ಎಂದ. "ನಾ ಈಗ್ಲೂ ಬ್ಯಾಡ ಅಂತೀನಿ."

"ಹಾಂ, ಇದು ಮಾತು" ಎಂದಳು ಅಕ್ಕ, ಅವನ ಮುಂಗೈ ಹಿಡಿದುಕೊಂಡು. "ಬ್ಯಾಡ ಅನ್ನು, ಜಗಳಾಡು. ಆದ್ರ ಕರ್ಕಂಡು ಬಾ."

ಪರೀಕ್ಷೆಗಳೆಲ್ಲ ಆಗಿ, ಮುಂದಿನ ವಾರ ಬಾಟಲಿ ಹಚ್ಚಿದರು. ನಾನು, ಅಣ್ಣ ಸುಮ್ಮನೆ ಜೊತೆಗೆ ಹೋಗಿದ್ದೆವು. ನರ ಸಿಗುವುದು ಕಷ್ಟವಾಯಿತು. ನರ್ಸಮ್ಮ ಚುಚ್ಚಿ ತೆಗೆದು, ಚುಚ್ಚಿ ತೆಗೆದು ಕೊನೆಗೆ ಮುಂಗೈಯಲ್ಲಿ ಹಿಡಿದಳು. ಅಕ್ಕ ಒಂದು ಸಲವೂ ಅಯ್ಯೋ ಅನ್ನಲಿಲ್ಲ. ಔಷಧ ಇಳಿಯಲು ಶುರುವಾದ ಮೇಲೆ ಅವಳ ಬಣ್ಣ ಬೂದಿಯಾಯಿತು. ಕಣ್ಣು ಮುಚ್ಚಿದಳು. ಕೈ ಮುಟ್ಟಿದರೆ ತಣ್ಣಗಿತ್ತು. ಇದು ಕೆಲಸ ಮಾಡುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ, ಇದನ್ನು ಬರೆಯುತ್ತಿರುವಾಗಲೂ ಗೊತ್ತಿಲ್ಲ.

"ತಂಗಿ" ಎಂದಳು, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣಗೆ. "ಈ ಸಲ ನಾವ ಗೆಲ್ತೀವಿ."

ಹೌದಕ್ಕ, ನೀನೇ ಗೆಲ್ಲುತ್ತೀ ಎಂದು ಅವಳ ಹಣೆ ಸವರಿ ಹೇಳಬೇಕು ಅನ್ನುವುದು ನನ್ನ ಬಾಯಿಯವರೆಗೂ ಬಂದಿತ್ತು. ಎದುರಿನ ಕುರ್ಚಿಯಿಂದ ಬಾಗಳಿ ಅಣ್ಣ ನನ್ನನ್ನೇ ನೋಡುತ್ತಿದ್ದ. ಆ ಮಾತು ನುಂಗಿಕೊಂಡೆ.

"ಕನಸು ಕಾಣ್ಬ್ಯಾಡ" ಎಂದೆ. ಜೋರಾಗಿಯೇ ಹೇಳಿದೆ. "ಠೇವಣಿ ಸೈತ ಉಳಿಯಂಗಿಲ್ಲ ನಿಮ್ಮದು."

ಅಕ್ಕ ಕಣ್ಣು ಬಿಟ್ಟಳು. ನನ್ನನ್ನು ಒಂದು ಗಳಿಗೆ ನೋಡಿ, ಸೂಜಿ ಇಲ್ಲದ ಕೈಯನ್ನು ಹಾಸಿಗೆಗೆ ಊರಿದಳು.

"ಮಂಚದ ತಲಿ ಎತ್ರಸು" ಎಂದಳು. "ಕುಂತು ಮಾತಾಡ್ತೀನಿ ನಿನ್ನ ಕೂಡ."